ಒಕ್ಕಲು ಮನೆತನಗಳಲ್ಲಿ ಕ್ರೋಶಾ ಹೆಣಿಗೆ: ಕಲಿಯುವ ಕ್ರಮವೂ ಕೂಲಿಯ ಲೆಕ್ಕವೂ

ಸುಗ್ಗಿಯು ಮುಗಿದು ಕಣವು ಬರಿದಾದ ಮೇಲೆ ಮುಂಗಾರಿನ ಮೊದಲ ಉಳುಮೆಯವರೆಗೆ, ಮಳೆಯನ್ನೇ ನಂಬಿದ ಸೀಮೆಗಳಲ್ಲಿ ಹೊಲದ ಕೆಲಸವು ಬಹುಮಟ್ಟಿಗೆ ನಿಂತಿರುವುದು ಎಲ್ಲರೂ ಬಲ್ಲ ಸಂಗತಿ. ಈ ಕಾಲದಲ್ಲಿ ಗಂಡಸರಿಗೆ ಬಿಡುವುಂಟೆಂಬುದು ನಿಜ. ಹೆಂಗಸರಿಗೆ ಅಷ್ಟು ಬಿಡುವಿಲ್ಲ. ನೀರು, ಸೌದೆ, ಕೊಟ್ಟಿಗೆ, ಅಡಿಗೆ, ಮಕ್ಕಳು ಇವುಗಳಿಗೆ ಸುಗ್ಗಿಯೂ ಒಂದೇ, ಬೇಸಗೆಯೂ ಒಂದೇ. ಆದರೂ ಮಧ್ಯಾಹ್ನದ ಊಟವಾದ ತರುವಾಯ ಎರಡು ಮೂರು ಗಂಟೆಗಳ ಕಾಲ ಕೈಗೆ ಸಿಕ್ಕುವುದುಂಟು. ಅದು ಇಡಿಯಾಗಿ ಸಿಕ್ಕದೆ ತುಂಡುತುಂಡಾಗಿ ಸಿಕ್ಕುವ ಕಾಲ. ನಡುವೆ ಮಗು ಅಳುತ್ತದೆ, ಕರು ಹಗ್ಗ ಬಿಚ್ಚಿಕೊಳ್ಳುತ್ತದೆ, ನೆಂಟರು ಬರುತ್ತಾರೆ. ಇಂಥ ಕಾಲಕ್ಕೆ ಹೊಂದತಕ್ಕ ಕೈಕೆಲಸಗಳಲ್ಲಿ ಕ್ರೋಶಾ ಹೆಣಿಗೆಯು ಮುಖ್ಯವಾದುದು.

ಈ ಕೆಲಸಕ್ಕೆ ಬೇಕಾದುದು ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ ಮತ್ತು ಒಂದು ಉಂಡೆ ದಾರ. ಕಸೂತಿಗೆ ಬಟ್ಟೆಯು ಮೊದಲೇ ಇರಬೇಕು. ಕ್ರೋಶಾದಲ್ಲಿ ಬರಿಯ ದಾರದಿಂದಲೇ ಬಟ್ಟೆಯಾಗುತ್ತದೆ. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆಯೇ ಇರುವುದರಿಂದ ಕಡ್ಡಿ ಜಾರಿದರೆ ಹಲವು ಕುಣಿಕೆಗಳು ಬಿಚ್ಚಿಹೋಗುವ ಭಯವುಂಟು. ಕ್ರೋಶಾದಲ್ಲಿಯಾದರೋ ಯಾವಾಗಲೂ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಅದನ್ನು ಸ್ವಲ್ಪ ಉದ್ದಕ್ಕೆ ಎಳೆದು, ಕೆಲಸವನ್ನು ಚೀಲದಲ್ಲಿಟ್ಟು ಎದ್ದುಹೋದರೆ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ತಪ್ಪಿದ ಕೆಲಸವನ್ನು ಬಿಚ್ಚಿದರೆ ದಾರವು ಹಾಳಾಗದೆ ಮರಳಿ ಬರುವುದು ಮತ್ತೊಂದು ಅನುಕೂಲ.

ಬೆಳೆಯು ಕೆಟ್ಟ ಕಾಲದಲ್ಲಿ ಈ ಕೆಲಸವು ಅನ್ನಕ್ಕೆ ದಾರಿಯಾದ ನಿದರ್ಶನವೊಂದು ಐರ್ಲೆಂಡ್ ದೇಶದಲ್ಲಿ ಉಂಟು. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರು ಅಂಗಮಾರಿ ರೋಗವನ್ನು ಚೆನ್ನಾಗಿ ಬಲ್ಲರು. ಅದೇ ರೋಗವು ೧೮೪೫ರಲ್ಲಿ ಐರ್ಲೆಂಡನ್ನು ಹೊಕ್ಕು, ಆಲೂಗಡ್ಡೆಯೊಂದನ್ನೇ ನಂಬಿದ್ದ ಬಡ ಒಕ್ಕಲುಗಳನ್ನು ಕ್ಷಾಮಕ್ಕೆ ನೂಕಿತು. ಆ ದಿನಗಳಲ್ಲಿ ಕಾರ್ಕ್ ಪ್ರಾಂತದ ಕ್ರೈಸ್ತ ಸಂನ್ಯಾಸಿನಿಯರೂ, ಕ್ಲೋನಿಸ್ ಎಂಬ ಊರಿನ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಎಂಬಾಕೆಯೂ ಹಳ್ಳಿಯ ಹೆಂಗಸರಿಗೆ ಕ್ರೋಶಾ ಲೇಸಿನ ಕೆಲಸವನ್ನು ಕಲಿಸಿ ಮಾರಾಟಕ್ಕೆ ಏರ್ಪಾಡು ಮಾಡಿದರು. ಅಲ್ಲಿಯ ಕ್ರಮವು ನಮ್ಮವರು ಅನುಸರಿಸತಕ್ಕದ್ದು. ಗುಲಾಬಿ, ಎಲೆ, ಬಳ್ಳಿ ಮೊದಲಾದ ಬಿಡಿಭಾಗಗಳನ್ನು ಬೇರೆ ಬೇರೆ ಮನೆಗಳಲ್ಲಿ ಹೆಣೆದು, ನುರಿತವರು ಅವನ್ನೆಲ್ಲ ಜಾಲರಿಯಿಂದ ಕೂಡಿಸುತ್ತಿದ್ದರು. ಹೀಗಾಗಿ ಒಂದೇ ಒಂದು ಹೂವನ್ನು ಚೆನ್ನಾಗಿ ಮಾಡಬಲ್ಲ ಹುಡುಗಿಗೂ ಸಂಪಾದನೆಯಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಉಡುಪಿನ ರೀತಿಯು ಬದಲಾಗಿ ಆ ವ್ಯಾಪಾರವು ಇಳಿದುಹೋಯಿತು.

ಸಲಕರಣೆ.— ಹೊಸಬರು ನಯವಾದ ದಾರವನ್ನೂ ಸಣ್ಣ ಕಡ್ಡಿಯನ್ನೂ ಮೊದಲೇ ಹಿಡಿಯುವುದರಿಂದ ಬೇಸರಪಟ್ಟು ಬಿಡುವವರೇ ಹೆಚ್ಚು. ಕಲಿಯಲು ೩.೫ ಅಥವಾ ೪ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಕಡ್ಡಿಯೂ ಅದಕ್ಕೆ ಹೊಂದುವ ದಪ್ಪನಾದ ಹತ್ತಿಯ ದಾರವೂ ಇರಬೇಕು. ದಾರದ ಬಣ್ಣವು ತಿಳಿಯಾಗಿರತಕ್ಕದ್ದು. ಕಪ್ಪು ದಾರದಲ್ಲಿ ಕುಣಿಕೆಗಳು ಕಣ್ಣಿಗೆ ಕಾಣುವುದಿಲ್ಲ. ಕೂದಲೆದ್ದ ಉಣ್ಣೆಯೂ ಕಲಿಯಲು ತಕ್ಕುದಲ್ಲ. ಲೇಸಿನ ಕೆಲಸಕ್ಕೆ ಬೇಕಾದ ೧ ಮಿಲಿಮೀಟರಿನ ಆಸುಪಾಸಿನ ಉಕ್ಕಿನ ಕಡ್ಡಿಗಳನ್ನು ಕೈ ಕುದುರಿದ ಮೇಲೆ ಕೊಳ್ಳಬಹುದು. ಕತ್ತರಿ, ಮೊಂಡು ಮೊನೆಯ ದಪ್ಪ ಸೂಜಿ, ಅಳತೆಯ ಪಟ್ಟಿ ಇವಿಷ್ಟಿದ್ದರೆ ಉಳಿದುದೇನೂ ಬೇಡ. ಕೊಕ್ಕೆಯ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿ, ತರಿಯಾಗಿದ್ದರೆ ಆ ಕಡ್ಡಿಯನ್ನು ತೆಗೆದುಕೊಳ್ಳಬಾರದು.

ಕಲಿಯುವ ಕ್ರಮ.— ಕಡ್ಡಿಯನ್ನು ಬಲಗೈಯಲ್ಲಿ ಲೇಖನಿಯಂತೆಯೋ ಚಾಕುವಿನಂತೆಯೋ ಹಿಡಿಯಬಹುದು, ಎರಡೂ ಸರಿಯೇ. ದಾರವನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ತೋರುಬೆರಳಿನ ಮೇಲಿಂದ ತಂದರೆ ಅದು ಹದವಾಗಿ ಬಿಗಿದು ಸರಿಯುತ್ತದೆ. ಎಡಚರು ಇದನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವಿ ಮಾಡತಕ್ಕದ್ದು. ಅವರನ್ನು ಬಲಗೈಗೆ ಒಗ್ಗಿಸುವ ಹಟವು ಬೇಡ. ದಾರದ ತುದಿಯಲ್ಲಿ ಒಂದು ಗೇಣಿನಷ್ಟು ಬಿಟ್ಟು ಜಾರುಗಂಟನ್ನು ಹಾಕಿ, ಅದನ್ನು ಕಡ್ಡಿಗೆ ಏರಿಸಬೇಕು. ದಾರವನ್ನು ಕೊಕ್ಕೆಗೆ ಸಿಕ್ಕಿಸಿ, ಕಡ್ಡಿಯ ಮೇಲಿರುವ ಕುಣಿಕೆಯೊಳಗಿಂದ ಎಳೆದರೆ ಒಂದು ಸರಪಳಿಯಾಯಿತು. ಹೀಗೆಯೇ ಸರಪಳಿಯ ಮೇಲೆ ಸರಪಳಿ. ಮೊದಲ ಎರಡು ಮೂರು ದಿನ ಬೇರೇನನ್ನೂ ಮಾಡದೆ, ಕೊಂಡಿಗಳೆಲ್ಲ ಒಂದೇ ಗಾತ್ರಕ್ಕೆ ಬರುವವರೆಗೆ ಸರಪಳಿಯನ್ನೇ ಹಾಕುತ್ತಿರುವುದು ಒಳ್ಳೆಯದು. ಇದನ್ನು ಆಟವೆಂದು ತಾತ್ಸಾರ ಮಾಡಬಾರದು. ಕೊನೆಗೆ ಬೆಲೆ ಬರುವುದು ಈ ಸಮತೆಯಿಂದಲೇ.

ಎರಡನೆಯದು ಗಿಡ್ಡ ಕಂಬ. ಇಪ್ಪತ್ತು ಕಂಬಗಳು ಬೇಕಾದರೆ ೨೧ ಸರಪಳಿಗಳನ್ನು ಹಾಕಬೇಕು. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಕೊಕ್ಕೆಯನ್ನು ಚುಚ್ಚಿ ದಾರವನ್ನು ಹೊರಕ್ಕೆ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೆ ದಾರವನ್ನು ಸಿಕ್ಕಿಸಿ ಎರಡರೊಳಗಿಂದಲೂ ಒಮ್ಮೆಗೇ ಎಳೆಯುವುದು. ಮೂರನೆಯದಾದ ಉದ್ದ ಕಂಬಕ್ಕೆ ೨೨ ಸರಪಳಿಗಳು ಬೇಕು. ಚುಚ್ಚುವುದಕ್ಕೆ ಮೊದಲೇ ದಾರವನ್ನು ಕಡ್ಡಿಗೆ ಒಂದು ಸುತ್ತು ತಂದು, ನಾಲ್ಕನೆಯ ಸರಪಳಿಯಲ್ಲಿ ಚುಚ್ಚಿ ಎಳೆದರೆ ಮೂರು ಕುಣಿಕೆಗಳಾಗುತ್ತವೆ. ದಾರವನ್ನು ಸಿಕ್ಕಿಸಿ ಮೊದಲು ಎರಡರೊಳಗಿಂದಲೂ, ಮತ್ತೊಮ್ಮೆ ಸಿಕ್ಕಿಸಿ ಉಳಿದ ಎರಡರೊಳಗಿಂದಲೂ ಎಳೆಯತಕ್ಕದ್ದು. ಬಿಟ್ಟ ಮೂರು ಸರಪಳಿಗಳೇ ಮೊದಲನೆಯ ಕಂಬವೆಂದು ಎಣಿಕೆ. ಸಾಲು ಮುಗಿದ ಮೇಲೆ ಕೆಲಸವನ್ನು ತಿರುಗಿಸುವಾಗ ಗಿಡ್ಡ ಕಂಬಕ್ಕೆ ೧, ಉದ್ದ ಕಂಬಕ್ಕೆ ೩ ಸರಪಳಿಗಳನ್ನು ಹಾಕಿಕೊಳ್ಳಬೇಕು. ಸರಪಳಿ ಮತ್ತು ಈ ಎರಡು ಬಗೆಯ ಕಂಬಗಳು ಕೈಗೆ ಬಂದರೆ ತೋರಣ, ತಟ್ಟೆಯ ಮುಸುಕು, ಮಗುವಿನ ಕುಲಾವಿ ಮೊದಲಾದ ಅನೇಕ ಸಾಮಾನುಗಳು ಕೈಗೆ ಬಂದಂತೆಯೇ.

ಅಚ್ಚಾದ ಮಾದರಿಗಳನ್ನು ನೋಡಿ ಹೆಣೆಯುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಇಂಗ್ಲೆಂಡಿನವರು ‘ಡಬಲ್’ ಎಂದು ಕರೆಯುವುದನ್ನು ಅಮೆರಿಕೆಯವರು ‘ಸಿಂಗಲ್’ ಎನ್ನುತ್ತಾರೆ; ಅಮೆರಿಕೆಯವರ ‘ಡಬಲ್’ ಇಂಗ್ಲೆಂಡಿನವರಿಗೆ ‘ಟ್ರೆಬಲ್’. ಪುಸ್ತಕವು ಯಾವ ದೇಶದ ರೂಢಿಯದೆಂದು ತಿಳಿಯದೆ ಹೆಣೆದರೆ ಅಂಗೈಯಷ್ಟಾಗಬೇಕಾದುದು ಮೊರದಷ್ಟಾಗುವ ಸಂಭವವುಂಟು.

ಹೊಸಬರ ಕೆಲಸದಲ್ಲಿ ಹೆಚ್ಚಾಗಿ ಕಾಣುವ ದೋಷವೆಂದರೆ ಚೌಕವಾಗಬೇಕಾದುದು ಸಾಲುಸಾಲಿಗೆ ಕಿರಿದಾಗುತ್ತ ಬಾಳೆಯ ಎಲೆಯ ತುದಿಯಂತಾಗುವುದು. ತಿರುಗುವ ಮೂರು ಸರಪಳಿಗಳನ್ನು ಕಂಬವೆಂದು ಎಣಿಸಿದ ಮೇಲೆ ಹಿಂದಿರುಗಿ ಬರುವಾಗ ಅವುಗಳ ತಲೆಯಲ್ಲಿಯೂ ಒಂದು ಕಂಬವನ್ನು ಹಾಕಲೇಬೇಕು. ಇದನ್ನು ಮರೆಯುವುದೇ ಇದಕ್ಕೆ ಕಾರಣ. ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ಎಣಿಸಿ ನೋಡುವುದೇ ಪರಿಹಾರ. ಹೆಣಿಗೆಯು ಬಿಗಿಯಾಗಿ ಕೊಕ್ಕೆಯೇ ಹೋಗದಿದ್ದರೆ, ಕುಣಿಕೆಯನ್ನು ಕೊಕ್ಕೆಯ ಕತ್ತಿನಲ್ಲಿ ಬಿಡದೆ ಕಡ್ಡಿಯ ದಪ್ಪಭಾಗದವರೆಗೆ ಏರಿಸುವ ಅಭ್ಯಾಸ ಮಾಡಬೇಕು. ಇನ್ನು ದುಂಡನೆಯ ಕೆಲಸ. ಉದ್ದ ಕಂಬದಲ್ಲಿ ನಡುವಿನ ಸುತ್ತಿಗೆ ೧೨ ಕಂಬಗಳನ್ನು ಹಾಕಿ, ಮುಂದಿನ ಪ್ರತಿ ಸುತ್ತಿಗೂ ಹನ್ನೆರಡನ್ನು ಹೆಚ್ಚಿಸುತ್ತ ಹೋದರೆ ಅದು ಸಮನಾಗಿ ಹರಡಿಕೊಳ್ಳುತ್ತದೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಿನಂತೆ ಮೇಲೇಳುತ್ತದೆ. ಅತಿಯಾದರೆ ಅಂಚು ನಿರಿಗೆಗಟ್ಟುತ್ತದೆ. ಮುಗಿಸುವಾಗ ದಾರವನ್ನು ಗಂಟುಹಾಕಿ ಅಲ್ಲಿಯೇ ಕತ್ತರಿಸಬಾರದು. ಗೇಣುದ್ದ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದು, ಮೊಂಡು ಸೂಜಿಯಿಂದ ಹೆಣಿಗೆಯೊಳಗೆ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಸೇರಿಸಬೇಕು. ಇಲ್ಲವಾದರೆ ಒಗೆದಾಗ ಬಿಚ್ಚಿಕೊಳ್ಳುವುದು.

ಕುಚ್ಚಿನ ಕೆಲಸ.— ಹಿಂದೆ ಕಲಿತವರು ಮನೆಯ ಅಲಂಕಾರಕ್ಕೆಂದೇ ಹೆಣೆಯುತ್ತಿದ್ದರು. ಟೆಲಿವಿಷನ್ ಪೆಟ್ಟಿಗೆಗೆ ಲೇಸಿನ ಮುಸುಕು ಹಾಕದ ಮನೆಯು ಒಂದು ಕಾಲದಲ್ಲಿ ಅಪರೂಪವಾಗಿತ್ತು. ಈಗ ಆ ಪೆಟ್ಟಿಗೆಯು ತೆಳ್ಳಗಾಗಿ ಗೋಡೆಯನ್ನು ಹತ್ತಿರುವುದರಿಂದ ಮುಸುಕಿಗೆ ನಿಲ್ಲುವ ಜಾಗವೇ ಇಲ್ಲ. ಇಂದು ಕರ್ನಾಟಕದಲ್ಲಿ ಕ್ರೋಶಾ ಕಡ್ಡಿಗೆ ಸಂಪಾದನೆ ತರುವ ಕೆಲಸಗಳಲ್ಲಿ ಮುಖ್ಯವಾದುದು ರೇಷ್ಮೆ ಸೀರೆಗಳ ಸೆರಗಿನ ಕುಚ್ಚು. ಸೆರಗಿನ ಅಂಚಿನಲ್ಲಿ ಸಮನಾದ ಅಂತರಕ್ಕೆ ಸಣ್ಣ ಕಡ್ಡಿಯಿಂದ ಚುಚ್ಚಿ, ರೇಷ್ಮೆಯ ಎಳೆಗಳಿಂದ ಸರಪಳಿ ಕಂಬಗಳನ್ನು ಹೆಣೆದು, ಬೇಕಾದಲ್ಲಿ ಮಣಿಗಳನ್ನು ಸೇರಿಸಿ, ಕೆಳಗೆ ಕುಚ್ಚುಗಳನ್ನು ಕಟ್ಟುವುದು ಇದರ ಕ್ರಮ. ಇತರರ ಬೆಲೆಬಾಳುವ ಸೀರೆಯ ಮೇಲೆ ಮಾಡುವ ಕೆಲಸವಾದುದರಿಂದ ಹಳೆಯ ಬಟ್ಟೆಯ ತುಂಡುಗಳ ಮೇಲೆ ಕೈ ಪಳಗಿದ ಹೊರತು ಇದಕ್ಕೆ ತೊಡಗಬಾರದು. ಬಣ್ಣದ ದಾರವನ್ನು ಒದ್ದೆಯಾದ ಬಿಳಿಯ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೇ ಎಂದು ಮೊದಲೇ ಪರೀಕ್ಷಿಸತಕ್ಕದ್ದು. ಕಳೆ ಕಿತ್ತು, ಕೊಯ್ಲು ಮಾಡಿ ಒರಟಾದ ಕೈಗಳಿಗೆ ರೇಷ್ಮೆಯ ಎಳೆಯು ತೊಡರಿಕೊಳ್ಳುತ್ತದೆ. ರಾತ್ರಿ ಕೊಬ್ಬರಿ ಎಣ್ಣೆಯನ್ನು ತಿಕ್ಕಿಕೊಂಡು ಬೆಳಗ್ಗೆ ಚೆನ್ನಾಗಿ ತೊಳೆದು ಒರಸಿಕೊಂಡರೆ ಈ ತೊಂದರೆಯು ತಗ್ಗುವುದು.

ಈಗ ಮನೆಯ ಯಜಮಾನರು ಮನಸ್ಸಿಗೆ ತಂದುಕೊಳ್ಳಬೇಕಾದ ವಿಷಯ. ನಾಟಿಗೆ ಎಷ್ಟು ಆಳು, ಕಳೆಗೆ ಎಷ್ಟು ಆಳು ಎಂಬುದನ್ನು ಬಾಯಿಯಲ್ಲಿಯೇ ಹೇಳಬಲ್ಲ ರೈತನು ತನ್ನ ಜಗಲಿಯ ಮೇಲೆ ನಡೆಯುವ ಈ ಕೆಲಸಕ್ಕೆ ಮಾತ್ರ ಆಳಿನ ಲೆಕ್ಕವನ್ನು ಹಿಡಿಯುವುದಿಲ್ಲ. ಸೀರೆಯ ಅಗಲವು ಸುಮಾರು ೪೫ ಅಂಗುಲ. ಅರ್ಧ ಅಂಗುಲಕ್ಕೆ ಒಂದರಂತೆ ೯೦ ಕುಚ್ಚುಗಳು. ಒಂದೊಂದಕ್ಕೆ ಐದು ನಿಮಿಷ ಹಿಡಿಯಿತೆಂದು ಇಟ್ಟುಕೊಂಡರೂ ೪೫೦ ನಿಮಿಷ, ಅಂದರೆ ಏಳೂವರೆ ಗಂಟೆ. ಇದು ಪೂರ್ತಿಯಾಗಿ ಒಂದು ಆಳಿನ ದಿನಗೆಲಸ. ದಾರ, ಮಣಿಗಳ ಖರ್ಚನ್ನು ಕಳೆದು ಕೈಗೆ ಉಳಿಯುವ ಹಣವು ತಮ್ಮ ಊರಿನಲ್ಲಿ ಕಳೆ ಕೀಳುವ ಹೆಣ್ಣಾಳಿನ ದಿನಗೂಲಿಗಿಂತ ಕಡಿಮೆಯಾದರೆ, ಆ ಬೆಲೆಯು ನ್ಯಾಯವಾದುದಲ್ಲವೆಂದು ತಿಳಿಯಬೇಕು. “ಸುಮ್ಮನೆ ಕೂತಿರುವ ಹೊತ್ತಿನಲ್ಲಿ ಆದದ್ದು, ಬಂದಷ್ಟು ಬರಲಿ” ಎಂಬ ಮಾತೇ ದರವನ್ನು ಇಳಿಸುವ ವ್ಯಾಪಾರಿಗೆ ಆಧಾರ.

ಇದು ಬರಿಯ ಊಹೆಯಲ್ಲ. ನೆರೆಯ ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸಿನ ಕೆಲಸವು ದೊಡ್ಡ ರಫ್ತು ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಎಂಬವರು ಅಲ್ಲಿಯ ಸ್ಥಿತಿಯನ್ನು ವಿಚಾರಿಸಿ ೧೯೮೨ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಮನೆಗೆಲಸವಲ್ಲದೆ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆಯುತ್ತಿದ್ದ ಹೆಂಗಸರಿಗೆ ದೊರೆಯುತ್ತಿದ್ದುದು ಒಂದು ರೂಪಾಯಿಗೂ ಕಡಿಮೆ. ವ್ಯಾಪಾರವೆಲ್ಲ ಗಂಡಸರ ಕೈಯಲ್ಲಿತ್ತು. ದುಡಿಯುವವರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸವೆಂದೇ ಅದಕ್ಕೆ ಹೆಸರು. ಆ ಲೇಸಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತಿದೆ. ಮಾನ್ಯತೆಯು ಸರಕಿನ ಹೆಸರನ್ನು ಕಾಯುತ್ತದೆ. ಕೂಲಿಯನ್ನು ಕಾಯಬೇಕಾದವರು ಬೇರೆ.

ಗ್ರಾಮದ ಮುಖಂಡರಿಂದ ಆಗಬಹುದಾದ ಸಹಾಯವು ಸ್ವಲ್ಪವಲ್ಲ. ಅನೇಕ ಊರುಗಳಲ್ಲಿ ಸ್ತ್ರೀಶಕ್ತಿ ಗುಂಪುಗಳೂ ಇತರ ಸ್ವಸಹಾಯ ಸಂಘಗಳೂ ಇರುವುದರಿಂದ ಹೊಸ ಸಂಸ್ಥೆಯನ್ನು ಕಟ್ಟುವ ಆವಶ್ಯಕತೆಯಿಲ್ಲ. ಹತ್ತು ಮನೆಯವರು ಕೂಡಿ ದಾರವನ್ನು ಸಗಟಾಗಿ ತರಿಸಿದರೆ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗವಾಗುವುದು. ಹತ್ತು ಮನೆಯವರು ಒಂದೇ ದರವನ್ನು ಹೇಳಿದರೆ ಒಬ್ಬಳನ್ನು ಬಿಟ್ಟು ಮತ್ತೊಬ್ಬಳಲ್ಲಿಗೆ ಹೋಗಿ ಬೆಲೆ ತಗ್ಗಿಸುವುದು ಅಷ್ಟು ಸುಲಭವಾಗದು. ಸಮುದಾಯ ಭವನದ ಒಂದು ಪಡಸಾಲೆಯನ್ನು ಮಧ್ಯಾಹ್ನದಲ್ಲಿ ಬಿಟ್ಟುಕೊಡುವುದು ಮತ್ತೊಂದು ಉಪಕಾರ; ಈ ಕೆಲಸಕ್ಕೆ ಹಗಲಿನ ಬೆಳಕೇ ಬೇಕು, ಮಂದವಾದ ದೀಪದಲ್ಲಿ ಹೆಣೆದರೆ ಕಣ್ಣಿಗೆ ಆಯಾಸ. ನಲವತ್ತು ದಾಟಿದವರಿಗೆ ಚಾಳೀಸು ಅಗತ್ಯವಾಗಬಹುದು. ಆ ಖರ್ಚನ್ನು ಉಳುವವನ ನೇಗಿಲಿನ ಖರ್ಚಿನಂತೆಯೇ ಭಾವಿಸಬೇಕು. ಅರ್ಧ ಗಂಟೆಗೊಮ್ಮೆ ಕೆಲಸವನ್ನು ಕೆಳಗಿಟ್ಟು ಬೆರಳು, ಮಣಿಕಟ್ಟು, ಕತ್ತುಗಳನ್ನು ಸಡಿಲಿಸಿಕೊಳ್ಳದಿದ್ದರೆ ನೋವು ಬೇರೂರುವುದು.

ಲೆಕ್ಕಕ್ಕೆ ಒಂದು ಪುಸ್ತಕವಿರಲಿ. ಯಾರ ಸೀರೆ, ತೊಡಗಿದ ಹೊತ್ತು, ಮುಗಿದ ಹೊತ್ತು, ದಾರದ ಬೆಲೆ, ಬಂದ ಹಣ, ಇಷ್ಟನ್ನು ಹೆಣೆದವಳೇ ಬರೆಯತಕ್ಕದ್ದು. ಬರೆಯಬಾರದವಳಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಬಹುದು. ಹಣವು ಆಕೆಯ ಹೆಸರಿನ ಬ್ಯಾಂಕು ಖಾತೆಗೇ ಸೇರಬೇಕು. ಕಲಿಯತೊಡಗುವುದಕ್ಕೆ ಸಂಕ್ರಾಂತಿಯು ಕಳೆದ ತರುವಾಯದ ದಿನಗಳು ಅನುಕೂಲ. ಆಗ ತೊಡಗಿ ದಿನಕ್ಕೆ ಒಂದು ಗಂಟೆಯಾದರೂ ತಪ್ಪದೆ ಕಡ್ಡಿಯನ್ನು ಹಿಡಿದವರಿಗೆ, ಬೇಸಗೆಯ ಮದುವೆಗಳಿಗೆ ಸೀರೆಗಳು ಬರುವ ಹೊತ್ತಿಗೆ ಸುಲಭವಾದ ಸರಪಳಿಕುಚ್ಚನ್ನು ಒಪ್ಪಿಕೊಳ್ಳುವಷ್ಟು ಕೈ ಬಂದಿರುತ್ತದೆ.