ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮೊದಲು

ಹೋದ ವಾರ ಬಿಪಿ ಮಾತ್ರೆಯ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಉತ್ತರಗಳ ನಡುವೆ ಮಾಂಬಲಂ ಕಡೆಯ ಒಬ್ಬ ತಾಯಿ ಬೇರೆಯೇ ಒಂದು ಪ್ರಶ್ನೆ ಕೇಳಿದ್ದರು. "ಡಾಕ್ಟ್ರೇ, ನಮ್ಮ ಬೀದಿಯಲ್ಲಿ ಹೊಸದಾಗಿ ಡೆಂಟಲ್ ಕ್ಲಿನಿಕ್ ಇಟ್ಟಿರುವ ಹುಡುಗಿ ಕೊರೊನಾ ಸಮಯದಲ್ಲಿ ಆನ್‌ಲೈನ್‌ನಲ್ಲಿ ಓದಿದವಳಂತೆ. ನಮ್ಮ ಯಜಮಾನರಿಗೆ ವಾಲ್ವ್ ಆಪರೇಷನ್ ಆಗಿದೆ. ಅವಳ ಹತ್ತಿರ ಹಲ್ಲು ಕೀಳಿಸಬಹುದಾ?" ಪ್ರಶ್ನೆ ಚೆನ್ನಾಗಿದೆ. ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಓದಿ.

ಹೃದಯದ ಡಾಕ್ಟರಿಗೆ ಹಲ್ಲಿನ ಉಸಾಬರಿ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಬಾಯಲ್ಲಿ ಸದಾ ಬ್ಯಾಕ್ಟೀರಿಯಾ ಇರುತ್ತವೆ. ಹಲ್ಲು ಕೀಳುವಾಗ, ಒಸಡು ಹುಣ್ಣಾಗಿದ್ದರೆ ಬ್ರಷ್ ಮಾಡುವಾಗಲೂ, ಕೆಲವು ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಾಗಿರುವ ಹೃದಯ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕೃತಕ ವಾಲ್ವ್ ಇದ್ದವರಲ್ಲಿ, ಇನ್ನು ಕೆಲವು ಬಗೆಯ ಹೃದಯದ ತೊಂದರೆ ಇದ್ದವರಲ್ಲಿ ಅವು ವಾಲ್ವಿನ ಮೇಲೆ ಹತ್ತಿ ಕೂತು ಬೆಳೆಯಬಹುದು. ಇದಕ್ಕೆ ಎಂಡೋಕಾರ್ಡೈಟಿಸ್ ಅನ್ನುತ್ತೇವೆ. ವಾರಗಟ್ಟಲೆ ಇಂಜೆಕ್ಷನ್ ಬೇಕು, ಕೆಲವೊಮ್ಮೆ ಮತ್ತೆ ಆಪರೇಷನ್ ಬೇಕು, ಜೀವಕ್ಕೂ ಅಪಾಯ.

2020ರ ಲಾಕ್‌ಡೌನಿನಲ್ಲಿ ನನ್ನ ಒಬ್ಬ ರೋಗಿ, ಹೋಟೆಲ್ ಕೆಲಸದವರು, ಹಲ್ಲುನೋವನ್ನು ಎರಡು ತಿಂಗಳು ಮಾತ್ರೆ ನುಂಗಿಕೊಂಡು ತಡೆದರು. ಡೆಂಟಲ್ ಕ್ಲಿನಿಕ್ಕಿಗೆ ಹೋದರೆ ಕೊರೊನಾ ಬರುತ್ತದೆ ಅಂತ ಭಯ. ಕೊನೆಗೆ ನನ್ನ ಹತ್ತಿರ ಬಂದಾಗ ಬಿಡದ ಜ್ವರ, ವಾಲ್ವಿಗೆ ಸೋಂಕು. ಬದುಕಿಕೊಂಡರು, ಆದರೆ ಆಸ್ಪತ್ರೆಯಲ್ಲಿ ಆರು ವಾರ ಕಳೆಯಬೇಕಾಯಿತು. ಅವರನ್ನು ಆ ಸ್ಥಿತಿಗೆ ತಂದದ್ದು ಕೊರೊನಾ ಅಲ್ಲ, ಭಯ.

ಆ ಭಯಕ್ಕೆ ಕಾರಣ ಇರಲಿಲ್ಲ ಅಂತ ಹೇಳಲಾರೆ. ಗುಂಯ್ ಅನ್ನುವ ಹಲ್ಲಿನ ಡ್ರಿಲ್ ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಬಿಸಿಯಾಗದಿರಲಿ ಅಂತ ಅದರ ತುದಿಗೆ ನೀರು ಬಿಡುತ್ತಾರೆ. ಆ ನೀರು ಎಂಜಲಿನ ಜೊತೆ ಸೇರಿ ಮಂಜಿನಂತೆ ಗಾಳಿಗೆ ಹಾರುತ್ತದೆ. ಡಾಕ್ಟರ ಮುಖ ರೋಗಿಯ ಬಾಯಿಂದ ಒಂದು ಅಡಿ ದೂರದಲ್ಲಿ. 2020ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಇಲಾಖೆ ಹಲ್ಲಿನ ಡಾಕ್ಟರುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಕಂಟೈನ್‌ಮೆಂಟ್ ಝೋನಿನಲ್ಲಿ ಕ್ಲಿನಿಕ್ ಬಂದ್, ಫೋನಿನಲ್ಲಿ ಸಲಹೆ ಮಾತ್ರ. ಉಳಿದ ಕಡೆ ತುರ್ತು ಚಿಕಿತ್ಸೆಗೆ ಮಾತ್ರ ಅವಕಾಶ.

ಕ್ಲಿನಿಕ್ಕುಗಳೇ ಹೀಗಿದ್ದಾಗ ಕಾಲೇಜಿನ ಮಕ್ಕಳ ಗತಿ? ನನ್ನ ಅಕ್ಕನ ಮಗಳು ಆಗ ಚೆನ್ನೈನಲ್ಲೇ ಬಿಡಿಎಸ್ ಮೊದಲ ವರ್ಷ. ಆ ವರ್ಷ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು ಕಲಿಯಬೇಕು. ಅಡುಗೆಮನೆ ಮೇಜಿನ ಮೇಲೆ ಮೊಬೈಲನ್ನು ಬೇಳೆ ಡಬ್ಬಕ್ಕೆ ಒರಗಿಸಿ, ಝೂಮ್‌ನಲ್ಲಿ ಮೇಡಂ ಹೇಳಿದಂತೆ ಕೆತ್ತುತ್ತಿದ್ದಳು. "ಮಾಮಾ, ನಾನು ಕೆತ್ತಿದ್ದು ಅವರಿಗೆ ಸರಿಯಾಗಿ ಕಾಣೋದೇ ಇಲ್ಲ" ಅಂತ ದೂರು. ಪಾಠ ಮಾತ್ರ ಆನ್‌ಲೈನ್‌ನಲ್ಲೇ ಚೆನ್ನಾಗಿದೆ ಅನ್ನುತ್ತಿದ್ದಳು. ಅರ್ಥವಾಗದಿದ್ದರೆ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿ ಮತ್ತೆ ಕೇಳಬಹುದಲ್ಲ.

ಆ ದಿನಗಳಲ್ಲಿ ಇವರ ವಾಟ್ಸಾಪ್ ಗುಂಪುಗಳಿಗೆ ಗೂಗಲ್ ಫಾರ್ಮ್‌ಗಳು ಮಳೆಯಂತೆ ಬರುತ್ತಿದ್ದವು. ಕೊರೊನಾ ಹೇಗೆ ಹರಡುತ್ತದೆ, ಎನ್95 ಯಾವಾಗ ಹಾಕಬೇಕು, ಕೈ ತೊಳೆಯುವ ಹಂತಗಳು ಯಾವುವು, ಆನ್‌ಲೈನ್ ಕ್ಲಾಸ್ ಇಷ್ಟವಾ. ದೇಶದಲ್ಲಿ, ಹೊರದೇಶದಲ್ಲಿ ಇಂಥ ಸಮೀಕ್ಷೆ ಬೇಕಾದಷ್ಟು ನಡೆದವು. ಒಟ್ಟಾರೆ ಬಂದ ಉತ್ತರ ಹೆಚ್ಚುಕಡಿಮೆ ಒಂದೇ. ಮಕ್ಕಳಿಗೆ ತಿಳಿವಳಿಕೆ ಚೆನ್ನಾಗಿದೆ, ಪಾಠಕ್ಕೆ ಆನ್‌ಲೈನ್ ನಡೆಯುತ್ತದೆ, ಕೈಕೆಲಸಕ್ಕೆ ಸಾಲದು. ಒಂದು ವಿಷಯ ಗಮನಿಸಿ. "ನೀವು ಪ್ರತಿ ಸಲ ಕೈ ತೊಳೆಯುತ್ತೀರಾ?" ಅಂತ ಫಾರ್ಮ್ ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ನಾನೂ ಹೌದು ಅಂತಲೇ ಒತ್ತುತ್ತಿದ್ದೆ.

ನಮ್ಮ ಹುಡುಗಿಯೂ ಆ ಫಾರ್ಮ್‌ಗಳಲ್ಲಿ ಎಲ್ಲಕ್ಕೂ ಸರಿ ಉತ್ತರ ಕೊಟ್ಟವಳೇ. ಮುಂದೆ ಕಾಲೇಜು ತೆರೆದು, ಮೊದಲ ಸಲ ರೋಗಿಯ ಬಾಯಿಗೆ ಕೈ ಹಾಕಿದ ದಿನ ಅದೇ ಗ್ಲೌಸ್ ಕೈಯಲ್ಲಿ ಮೇಲಿನ ಲೈಟಿನ ಹಿಡಿ ಎಳೆದುಕೊಂಡಳು. ಆಮೇಲೆ ಡ್ರಾಯರ್ ತೆಗೆದಳು. ಆಮೇಲೆ ಮಾಸ್ಕ್ ಸರಿಮಾಡಿಕೊಂಡಳು. ಹಿಂದೆ ನಿಂತಿದ್ದ ಪ್ರೊಫೆಸರ್ ಏನೂ ಬೈಯಲಿಲ್ಲವಂತೆ. ಅವಳು ಮುಟ್ಟಿದ ಜಾಗಗಳನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ತೋರಿಸಿದರು, ಅಷ್ಟೇ. "ಆ ದಿನದಿಂದ ಆ ತಪ್ಪು ಮಾಡಿಲ್ಲ ಮಾಮಾ" ಅನ್ನುತ್ತಾಳೆ. ದೋಸೆ ಹುಯ್ಯುವುದನ್ನು ಯೂಟ್ಯೂಬಿನಲ್ಲಿ ನೂರು ಸಲ ನೋಡಿದರೂ ಮೊದಲ ದೋಸೆ ಕಾವಲಿಗೆ ಹತ್ತಿಕೊಳ್ಳುತ್ತದಲ್ಲ, ಹಾಗೆ.

ಆದ್ದರಿಂದ ಆ ಬ್ಯಾಚಿನವರು ಅಂದ ಮಾತ್ರಕ್ಕೆ ಹಿಂಜರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಾಲೇಜು ತೆರೆದ ಮೇಲೆ ರೋಗಿಗಳ ಮೇಲೆಯೇ ಕೈ ಪಳಗಿಸಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ ಹೊರಬಂದವರು ಅವರು. ಸೋಂಕಿನ ಭಯ ಏನೆಂದು ಹದಿನೆಂಟನೇ ವಯಸ್ಸಿನಲ್ಲೇ ಕಂಡವರು. ವಯಸ್ಸಿಗಿಂತ, ಸರ್ಟಿಫಿಕೇಟಿನ ವರ್ಷಕ್ಕಿಂತ, ನೀವು ನೋಡಬೇಕಾದದ್ದು ಬೇರೆ ಇದೆ.

ಅದು ಏನು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಚೆನ್ನೈಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಆಂಬೂರು ದಾಟಿದ ಮೇಲೆ, ಜೋಲಾರ್‌ಪೇಟೆಗೆ ಮೊದಲು ವಾಣಿಯಂಬಾಡಿ ಬರುತ್ತದೆ. 2022–23ರಲ್ಲಿ ಆ ತಿರುಪತ್ತೂರು ಜಿಲ್ಲೆಯ ಸುತ್ತಮುತ್ತ 21 ಮಂದಿಗೆ ಮೆದುಳಿಗೆ ಹತ್ತುವ ಮೆಲಿಯಾಯ್ಡೋಸಿಸ್ ಬಂತು. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ ಇದು. ಉಡುಪಿ, ಮಂಗಳೂರು ಕಡೆಯವರು ಮಳೆಗಾಲದಲ್ಲಿ ಈ ಹೆಸರು ಕೇಳಿರಬಹುದು. ವೆಲ್ಲೂರಿನ ಸಿಎಂಸಿ, ಚೆನ್ನೈಯಲ್ಲಿರುವ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಮತ್ತು ತಮಿಳುನಾಡು ಆರೋಗ್ಯ ಇಲಾಖೆಯವರು ಹುಡುಕುತ್ತಾ ಹೋದಾಗ, 21ರಲ್ಲಿ 10 ಮಂದಿ ವಾಣಿಯಂಬಾಡಿಯ ಒಂದೇ ಡೆಂಟಲ್ ಕ್ಲಿನಿಕ್ಕಿಗೆ ಹೋಗಿದ್ದವರು ಅಂತ ಗೊತ್ತಾಯಿತು. ಆ ಹತ್ತರಲ್ಲಿ 8 ಮಂದಿ ತೀರಿಕೊಂಡರು. 2025ರಲ್ಲಿ ಈ ವರದಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾಯಿತು.

ತಪ್ಪು ಎಲ್ಲಿ ಆಗಿತ್ತು? ಬಾಯಿ ತೊಳೆಯುವ ಸಲೈನ್ ಬಾಟಲಿಯಲ್ಲಿ. ಒಸಡು ಬಿಡಿಸುವ ಉಪಕರಣದಿಂದಲೇ ಬಾಟಲಿ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಅದನ್ನೇ ಮುಂದಿನ ರೋಗಿಗಳಿಗೂ ಬಳಸುತ್ತಿದ್ದರು. ಮಾಸ್ಕ್, ಪಿಪಿಇ ಕಿಟ್, ಸ್ಯಾನಿಟೈಸರ್ ಅಂತ ಇಡೀ ದೇಶ ವರ್ಷಗಟ್ಟಲೆ ಮಾತಾಡಿದ ಮೇಲೆ ನಡೆದ ಘಟನೆ ಇದು. ಸಲೈನ್ ಬಾಟಲಿ ಬಗ್ಗೆ ಯಾವ ರಿಂಗ್‌ಟೋನೂ ನಮ್ಮನ್ನು ಎಚ್ಚರಿಸಿರಲಿಲ್ಲ.

ಹಾಗಾಗಿ ಕುರ್ಚಿಯಲ್ಲಿ ಕೂತಾಗ ಕಣ್ಣು ತೆರೆದಿಟ್ಟುಕೊಳ್ಳಿ. ಉಪಕರಣಗಳು ಸೀಲ್ ಮಾಡಿದ ಕವರಿನಿಂದ ನಿಮ್ಮೆದುರೇ ಹೊರಬರಬೇಕು. ಅವು ಆಟೋಕ್ಲೇವ್ ಆಗಿರಬೇಕು, ಅಂದರೆ ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಕಾಯ್ದಿರಬೇಕು. ನಮ್ಮ ಕುಕ್ಕರಿನ ತತ್ವವೇ, ಇನ್ನೂ ಬಿಗಿ. ಬರೀ ಕುದಿಸಿದರೆ ಕೆಲವು ಗಟ್ಟಿ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಗ್ಲೌಸ್ ನಿಮಗಾಗಿ ಹೊಸದಾಗಿ ಹಾಕಿಕೊಂಡರೇ? ಅದೇ ಕೈಯಲ್ಲಿ ಫೋನ್ ತೆಗೆದರೇ? ಹಲ್ಲು ಕೀಳುವುದಿದ್ದರೆ, "ಸಲೈನ್ ಬಾಟಲಿ ಹೊಸದಾಗಿ ಒಡೆಯುತ್ತೀರಾ ಮೇಡಂ?" ಅಂತ ಮೆಲ್ಲಗೆ ಕೇಳಿ. ಕೆಲಸ ತಿಳಿದವರಿಗೆ ಇದರಿಂದ ಬೇಸರವಾಗುವುದಿಲ್ಲ. ಬೇರೆ ಊರು, ಬೇರೆ ಭಾಷೆ, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಮ್ಮವರು ಸುಮ್ಮನಾಗುತ್ತಾರೆ. ತಮಿಳು ಬಾರದಿದ್ದರೆ ಬಾಟಲಿಯತ್ತ ಕೈ ತೋರಿಸಿ "ಪುದುಸಾ?" ಅಂದರೂ ಸಾಕು.

ಈಗ ಆ ತಾಯಿಯ ಯಜಮಾನರ ವಿಷಯ. ಕೃತಕ ವಾಲ್ವ್ ಇದ್ದವರು, ಹಿಂದೆ ಎಂಡೋಕಾರ್ಡೈಟಿಸ್ ಆದವರು, ಹುಟ್ಟಿನಿಂದಲೇ ಕೆಲವು ಬಗೆಯ ಹೃದಯದೋಷ ಇರುವವರು ಹಲ್ಲು ಕೀಳಿಸುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಒಂದೇ ಸಲ. ಪೆನ್ಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಿ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ಇದು ಬೇಡ. ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ವಾರ್ಫರಿನ್, ಅಸಿಟ್ರಾಮ್, ಕ್ಲೋಪಿಡೋಗ್ರೆಲ್, ನೀವಾಗಿಯೇ ನಿಲ್ಲಿಸಬೇಡಿ. ಹಲ್ಲಿನ ಡಾಕ್ಟರ್ ನಿಲ್ಲಿಸಿ ಅಂದರೂ ಮೊದಲು ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ರಕ್ತ ಸ್ವಲ್ಪ ಜಾಸ್ತಿ ಬಂದರೆ ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಷ್ಟು ಸುಲಭವಲ್ಲ.

ಅದಾದ ಮೇಲೆ ಬರುವ ಕೆಲವು ವಾರಗಳಲ್ಲಿ ಬಿಡದ ಜ್ವರ, ಚಳಿ, ಸುಸ್ತು ಕಂಡರೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ಕೊಡಬೇಕು. ಮಾತ್ರೆ ನುಂಗಿ ಬಂದರೆ ಎಷ್ಟೋ ಸಲ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೆ ನಾವು ಕತ್ತಲಲ್ಲಿ ತಡಕಾಡುತ್ತೇವೆ.