ತುತ್ತಿನಲ್ಲಿ ಮದ್ದು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾನು ಮಿತಾಹಾರದ ಉಪದೇಶವೆಂದಷ್ಟೇ ತಿಳಿದಿದ್ದೆ. ಅಮೆರಿಕದ ಸಸ್ಯವಿಜ್ಞಾನಿ ಚಾರ್ಲ್ಸ್ ಆರ್ನ್‌ಟ್ಜೆನ್ನರ ಪ್ರಯತ್ನದ ಕಥೆಯನ್ನು ಓದಿದ ಮೇಲೆ ಅದರೊಳಗಿನ ‘ಬಲ್ಲ’ ಎಂಬ ಮಾತೇ ನನ್ನನ್ನು ಹಿಡಿದು ನಿಲ್ಲಿಸಿದೆ.

ಕಳೆದ ಶತಮಾನದ ತೊಂಬತ್ತರ ದಶಕದ ಆರಂಭ. ಬ್ಯಾಂಕಾಕಿಗೆ ಹೋಗಿದ್ದ ಅವರು, ಅಳುತ್ತಿದ್ದ ಕೂಸನ್ನು ತಾಯಿಯೊಬ್ಬಳು ಬಾಳೆಯ ಹಣ್ಣಿನ ಚೂರು ಕೊಟ್ಟು ಸಂತೈಸಿದುದನ್ನು ಕಂಡರಂತೆ. ಆ ಹಣ್ಣಿನೊಳಗೇ ಲಸಿಕೆಯೂ ಬೆಳೆದಿದ್ದರೆ! ಸೂಜಿ ಬೇಡ, ಶೀತಪೆಟ್ಟಿಗೆ ಬೇಡ, ವೈದ್ಯರಿಗಾಗಿ ಹರಿದಾರಿಗಟ್ಟಲೆ ನಡೆಯಬೇಕಾದುದಿಲ್ಲ. ಹಿತ್ತಿಲ ಗಿಡವೇ ಔಷಧಶಾಲೆ. ಲಸಿಕೆ ದೊರೆಯದೆ ಮಕ್ಕಳನ್ನು ಕಳೆದುಕೊಳ್ಳುವ ಬಡನಾಡುಗಳಿಗೆ ಇದಕ್ಕಿಂತ ಸವಿಯಾದ ಕನಸು ಯಾವುದು?

ಅದು ಬರಿಯ ಕನಸಾಗಿಯೂ ಉಳಿಯಲಿಲ್ಲ. ರೋಗಾಣುವಿನ ನಿರಪಾಯವಾದ ಒಂದು ಪ್ರೋಟೀನಿಗೆ ಕಾರಣವಾದ ಜೀನನ್ನು ಗಿಡದ ಜೀವಕೋಶದಲ್ಲಿ ಸೇರಿಸಿದರೆ, ಗಿಡವೇ ಆ ಪ್ರೋಟೀನನ್ನು ತಯಾರಿಸುತ್ತದೆ. ತಿಂದವರ ದೇಹ ಅದನ್ನು ಶತ್ರುವಿನ ಗುರುತೆಂದು ನೆನಪಿಡುತ್ತದೆ. ಬಾಳೆ ಬೆಳೆದು ಹಣ್ಣಾಗಲು ಬಹುಕಾಲ ಬೇಕು; ಆದುದರಿಂದ ಮೊದಲ ಪರೀಕ್ಷೆ ಆಲೂಗೆಡ್ಡೆಯಲ್ಲಿ ನಡೆಯಿತು. ೧೯೯೮ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಭೇದಿಯ ರೋಗಾಣುವಿನ ಅಂಶವುಳ್ಳ ಹಸಿ ಗೆಡ್ಡೆಯನ್ನು ತಿಂದ ೧೧ ಮಂದಿಯಲ್ಲಿ ೧೦ ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕನಿಷ್ಠ ನಾಲ್ಕು ಪಟ್ಟು ಏರಿದ್ದವು.

ಆದರೂ ಆ ಬಾಳೆಯ ಹಣ್ಣು ಇಂದಿಗೂ ಯಾವ ತಾಯಿಯ ಕೈಗೂ ಬಂದಿಲ್ಲ. ಒಂದು ಗಿಡದ ಫಲದಲ್ಲಿರುವಷ್ಟು ಮದ್ದು ಇನ್ನೊಂದರಲ್ಲಿ ಇರುವುದಿಲ್ಲ. ಬೇಯಿಸಿದರೆ ಪ್ರೋಟೀನು ಕೆಡುತ್ತದೆ. ಕಡಿಮೆಯಾದರೆ ರಕ್ಷಣೆಯಿಲ್ಲ, ಮತ್ತೆ ಮತ್ತೆ ತಿಂದರೆ, ದೇಹವು ಶತ್ರುವನ್ನೂ ಆಹಾರವೆಂದೇ ಬಗೆದು ಸುಮ್ಮನಿದ್ದುಬಿಡಬಹುದು. ಮದ್ದಿನ ಬೆಳೆ ಊಟದ ಬೆಳೆಯೊಡನೆ ಬೆರೆತೀತೆಂಬ ಭಯ ಬೇರೆ.

ಆದುದರಿಂದ ಸಂಶೋಧಕರು ಯಾರೂ ಉಣ್ಣದ ಗಿಡದ ಕಡೆಗೆ ತಿರುಗಿದರು. ೨೦೧೪ರಲ್ಲಿ ಕೆಲವು ಎಬೋಲಾ ರೋಗಿಗಳಿಗೆ ಕೊಟ್ಟ ಪ್ರತಿಕಾಯಗಳು ತಂಬಾಕಿನ ಹತ್ತಿರದ ಬಂಧುವೊಂದರ ಎಲೆಯಲ್ಲಿ ಬೆಳೆದವು. ೨೦೨೨ರಲ್ಲಿ ಕೆನಡಾ ಒಪ್ಪಿದ ಕೋವಿಡ್ ಲಸಿಕೆಯೂ ಅದೇ ಗಿಡದ್ದು; ಮರುವರ್ಷ ಅದನ್ನು ಕೈಬಿಡಲಾಯಿತು. ಆದರೆ ಇವೆರಡನ್ನೂ ಎಲೆಯಿಂದ ತೆಗೆದು, ಶುದ್ಧಿಮಾಡಿ, ಅಳೆದು, ಸೂಜಿಯಿಂದಲೇ ಕೊಡಬೇಕಾಯಿತು.

ತಾಯಿ ಹಣ್ಣನ್ನು ಅಳೆದು ಕೊಡುವವಳಲ್ಲ. ಮಗುವಿನ ಮುಖ ನೋಡಿ ಕೊಡುವವಳು. ಮದ್ದಾದರೋ ಅಳತೆಯಿಲ್ಲದೆ ಮದ್ದೇ ಅಲ್ಲ. ಆ ಒಂದು ತುತ್ತಿನ ಅಳತೆಯನ್ನು ನಾವಿನ್ನೂ ಬಲ್ಲವರಾಗಿಲ್ಲ. ಬಲ್ಲವರಾಗುವವರೆಗೆ ಕೂಸು ಸೂಜಿಗೆ ಅಳಬೇಕು; ತಾಯಿ ಆಮೇಲೆ ಬಾಳೆಯ ಹಣ್ಣು ಕೊಟ್ಟು ಸಂತೈಸಬೇಕು.