ಮರಳಿ ಬಾರದ ಬೆಳಕು

ಒಳಗೆ ಹಾಕಿದ ಡಿಸ್ಕನ್ನು ಕಂಪ್ಯೂಟರು ಗಿರ್ರನೆ ತಿರುಗಿಸಿ, ಒಂದೆರಡು ಸಲ ಟಿಕ್ ಟಿಕ್ ಎಂದು, ಕೊನೆಗೆ ಹೊರಕ್ಕೆ ನೂಕಿಬಿಟ್ಟರೆ ಜನ ಹೇಳುವುದು ಎರಡೇ ಮಾತು: ಡ್ರೈವ್ ಕೆಟ್ಟಿದೆ, ಇಲ್ಲವೇ ಡಿಸ್ಕ್ ಕೆಟ್ಟಿದೆ. ಮುಂಬಯಿಯ ಭಾಂಡುಪಿನಲ್ಲಿ ನಮಗೆ ಎದುರಾದ ಪ್ರಕರಣದಲ್ಲಿ ಡ್ರೈವೂ ಸರಿಯಾಗಿತ್ತು, ಡಿಸ್ಕಿನಲ್ಲಿದ್ದ ಧ್ವನಿಯೂ ಸರಿಯಾಗಿತ್ತು. ಹಾಗಾದರೆ ತಪ್ಪಿದ್ದೆಲ್ಲಿ ಎಂದು ಹುಡುಕಿದ ಕತೆ ಇದು.

ಡಿಸ್ಕುಗಳು ಯಕ್ಷಗಾನ ತಾಳಮದ್ದಳೆಯವು. ಮಳೆಗಾಲದಲ್ಲಿ ಊರಿನ ಕಡೆ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಮುಂಬಯಿಗೆ ಬಂದು ಉಪನಗರಗಳ ಸಭಾಗೃಹಗಳಲ್ಲಿ ಕಾರ್ಯಕ್ರಮ ಕೊಡುವುದು ಹಳೆಯ ರೂಢಿ. ಭಾಂಡುಪಿನ ನಮ್ಮ ಹಿರಿಯರೊಬ್ಬರು ಅಂಥ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ಮುಂದೆ ಮನೆಗೆ ಕಂಪ್ಯೂಟರು ಬಂದಾಗ ಆ ಕ್ಯಾಸೆಟ್ಟುಗಳನ್ನು ಸಿಡಿಗೆ ಇಳಿಸಿದರು. ಪ್ರಸಂಗದ ಹೆಸರು, ಭಾಗವತರ ಹೆಸರು, ಅರ್ಥಧಾರಿಗಳ ಹೆಸರು ಎಲ್ಲವನ್ನೂ ಗುಂಡನೆಯ ಅಂಟುಕಾಗದದ ಮೇಲೆ ಅಚ್ಚು ಹಾಕಿ, ಒಂದೊಂದು ಡಿಸ್ಕಿಗೂ ಪ್ರೀತಿಯಿಂದ ಅಂಟಿಸಿದ್ದರು. ಅವರು ಹೋದ ಮೇಲೆ ಅವನ್ನೆಲ್ಲ ಹಾರ್ಡ್ ಡಿಸ್ಕಿಗೆ ಸೇರಿಸಿ ಕಾಪಾಡಬೇಕೆಂದು ಮನೆಯವರೂ ನಾವು ಕೆಲವರೂ ಕೂತೆವು. ಡ್ರೈವು ಒಂದರ ಹಿಂದೆ ಒಂದರಂತೆ ಡಿಸ್ಕುಗಳನ್ನು ಹೊರಕ್ಕೆ ಕಳಿಸತೊಡಗಿತು.

ಡ್ರೈವನ್ನು ಬೈಯುವ ಮೊದಲು ಅದು ಒಳಗೆ ಏನು ಮಾಡುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಡಿಸ್ಕು ಒಳಗೆ ಹೋದ ಕೂಡಲೇ ಡ್ರೈವು ಹಾಡನ್ನೋ ಫೈಲನ್ನೋ ಹುಡುಕುವುದಿಲ್ಲ, ಬೆಳಕನ್ನು ಹುಡುಕುತ್ತದೆ. ಪುಟ್ಟ ಲೆನ್ಸೊಂದು ಮೇಲೆ ಕೆಳಗೆ ಆಡುತ್ತ ಲೇಸರ್ ಕಿರಣವನ್ನು ಡಿಸ್ಕಿನ ಮೇಲೆ ಬಿಡುತ್ತದೆ. ಬಿಟ್ಟ ಬೆಳಕು ಸಾಕಷ್ಟು ಪ್ರಮಾಣದಲ್ಲಿ, ಸರಿಯಾದ ಆಕಾರದಲ್ಲಿ ಹಿಂದಕ್ಕೆ ಬಂದರೆ ಡಿಸ್ಕು ಇದೆ ಎಂದು ಲೆಕ್ಕ. ಬಾರದಿದ್ದರೆ ಇನ್ನೊಮ್ಮೆ ನೋಡುತ್ತದೆ, ಮತ್ತೊಮ್ಮೆ ನೋಡುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಟ್ರೇ ಇರುವ ಡ್ರೈವಾದರೆ ಡಿಸ್ಕ್ ಹಾಕಿ ಎಂದು ಪರದೆಯ ಮೇಲೆ ಹೇಳಿ ಸುಮ್ಮನಾಗುತ್ತದೆ. ಸೀಳಿನೊಳಗೆ ಡಿಸ್ಕ್ ಎಳೆದುಕೊಳ್ಳುವ ಸ್ಲಾಟ್ ಡ್ರೈವುಗಳಲ್ಲಿ ಹಲವು ಅದನ್ನು ಹೊರಕ್ಕೇ ನೂಕುತ್ತವೆ. ನಮ್ಮದು ಸ್ಲಾಟ್ ಡ್ರೈವ್.

ಬೆಳಕನ್ನು ಹೀಗೆ ಹಿಡಿದಿಡುವ ಉಪಾಯ ಸುಲಭಕ್ಕೆ ಸಿಕ್ಕಿದ್ದಲ್ಲ. ಹಾಲೆಂಡಿನ ಐಂಡ್‌ಹೋವನ್ ಊರಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಕ್ಲಾಸ್ ಕಾಂಪಾನ್ ಮತ್ತು ಪೀಟ್ ಕ್ರಾಮರ್ 1969ರ ಹೊತ್ತಿಗೆ, ಚಿತ್ರವನ್ನು ಡಿಸ್ಕಿನಲ್ಲಿಟ್ಟು ಬೆಳಕಿನಿಂದ ಓದುವ ಯೋಚನೆಗೆ ಕೈಹಾಕಿದರು. 1972ರಲ್ಲಿ ಕಂಪನಿ ಅದನ್ನು ಪತ್ರಕರ್ತರ ಮುಂದೆ ತೋರಿಸಿತು. ಗ್ರಾಮಫೋನಿನಲ್ಲಿ ಮುಳ್ಳು ತಟ್ಟೆಯ ಮೇಲೇ ಕೂತಿರುತ್ತದೆ, ತಟ್ಟೆ ಓಲಾಡಿದರೆ ಅದೂ ಓಲಾಡುತ್ತದೆ. ಬೆಳಕಿಗೆ ಆ ಆಸರೆಯಿಲ್ಲ. ಮುಂದೆ ಬಂದ ಸಿಡಿಯಲ್ಲಿ ತಿರುಗುವ ಡಿಸ್ಕು ಅರ್ಧ ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಬಹುದು, ಆದರೆ ಬೆಳಕಿನ ಚುಕ್ಕೆ ಒಂದೆರಡು ಮೈಕ್ರೋಮೀಟರಿನಾಚೆ ತಪ್ಪುವಂತಿಲ್ಲ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇದಕ್ಕೆ ಸಿಕ್ಕ ಪರಿಹಾರಗಳಲ್ಲಿ ನನಗೆ ಬಹಳ ಚೆಂದ ಕಂಡದ್ದು 1970ರ ದಶಕದಲ್ಲಿ ಫ್ರಾನ್ಸಿನ ಥಾಮ್ಸನ್ ಕಂಪನಿಯಲ್ಲಿ ಕ್ಲೋದ್ ಬ್ರಿಕೊ ಮತ್ತು ಸಂಗಡಿಗರು ಪೇಟೆಂಟ್ ಮಾಡಿಸಿದ ವಿಧಾನ. ಹಿಂದಿರುಗುವ ಬೆಳಕನ್ನು ಬೇಕೆಂದೇ ಒಂದು ಕಡೆಗೆ ಹಿಗ್ಗಿಸುವ ಲೆನ್ಸಿನ ಮೂಲಕ ಹಾಯಿಸಿ, ನಾಲ್ಕು ಭಾಗ ಮಾಡಿದ ಬೆಳಕುಗ್ರಾಹಿಯ ಮೇಲೆ ಬೀಳಿಸುವುದು. ಫೋಕಸ್ ಸರಿಯಿದ್ದರೆ ಚುಕ್ಕೆ ದುಂಡಗಿದ್ದು ನಾಲ್ಕೂ ಭಾಗಕ್ಕೆ ಸಮವಾಗಿ ಬೀಳುತ್ತದೆ. ಡಿಸ್ಕು ಹತ್ತಿರವಾದರೆ ಒಂದು ಓರೆಗೆ ಮೊಟ್ಟೆಯಾಕಾರ, ದೂರವಾದರೆ ಇನ್ನೊಂದು ಓರೆಗೆ. ಎದುರುಬದುರು ಭಾಗಗಳ ಬೆಳಕನ್ನು ಕೂಡಿ ಕಳೆದರೆ ಲೆನ್ಸನ್ನು ಮೇಲೆತ್ತಬೇಕೋ ಇಳಿಸಬೇಕೋ ಎಂಬ ಉತ್ತರ ಅಲ್ಲೇ ಸಿಗುತ್ತದೆ. ಇಷ್ಟು ಸರಳ ಲೆಕ್ಕದ ಮೇಲೆ ಜಗತ್ತಿನ ಕೋಟ್ಯಂತರ ಡ್ರೈವುಗಳು ನಡೆದಿವೆ ಎಂಬುದು ನೆನೆದಾಗೆಲ್ಲ ನನಗೆ ಸಂತೋಷವಾಗುತ್ತದೆ.

ಮುಂದಿನ ಹೆಜ್ಜೆಗಳು ಬೇಗ ಬಂದವು. 1979ರ ಮಾರ್ಚ್ 8ರಂದು ಫಿಲಿಪ್ಸ್ ಐಂಡ್‌ಹೋವನ್‌ನಲ್ಲಿ ಸಿಡಿಯ ಮಾದರಿಯನ್ನು ತೋರಿಸಿತು. ಆಮೇಲೆ ಸೋನಿ ಜೊತೆಗೂಡಿತು. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಪ್ಲೇಯರು ಮಾರಾಟಕ್ಕೆ ಬಂತು. ನಮ್ಮ ಹಿರಿಯರು ಬಳಸಿದ ಬರೆಯುವ ಸಿಡಿಯನ್ನು ಜಪಾನಿನ ತಾಯೋ ಯುಡೆನ್ ಕಂಪನಿ 1988ರಲ್ಲಿ ರೂಪಿಸಿತು. ಅಂಗಡಿಯಲ್ಲಿ ಸಿಗುವ ಅಚ್ಚಿನ ಸಿಡಿಯಂತೆ ಅದರಲ್ಲಿ ಅಚ್ಚೊತ್ತಿದ ಕುಳಿಗಳಿರುವುದಿಲ್ಲ, ಲೇಸರಿನಿಂದ ಸುಟ್ಟು ಗುರುತು ಮಾಡುವ ಬಣ್ಣದ ಪದರವಿರುತ್ತದೆ.

ಭಾಂಡುಪ್ ಸ್ಟೇಷನ್ನಿನಿಂದ ಎಲ್‌ಬಿಎಸ್ ಮಾರ್ಗದ ಕಡೆಗೆ ಹೋಗುವ ದಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕುಂದಾಪುರ ಕಡೆಯ ಹುಡುಗನೊಬ್ಬನಿದ್ದಾನೆ. ಡ್ರೈವು, ಡಿಸ್ಕು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅವನಲ್ಲಿಗೆ ಹೋದೆವು. ಮುಂಬಯಿಯ ರಿಪೇರಿ ಅಂಗಡಿಗಳಲ್ಲಿ ಇಂಥದ್ದಕ್ಕೆ ‘ಸಿಡಿ ಉಠಾ ನಹೀ ರಹಾ’ ಎನ್ನುತ್ತಾರೆ. ಇವನೂ ಮೊದಲು ಕೇಳಿದ್ದು ಅದನ್ನೇ: “ಯಾವ ಸಿಡಿಯನ್ನೂ ಎತ್ತುವುದಿಲ್ಲವಾ ಅಣ್ಣ, ಕೆಲವನ್ನು ಮಾತ್ರವಾ?” ಪತ್ತೆಯ ಅರ್ಧ ಕೆಲಸ ಆ ಪ್ರಶ್ನೆಯಲ್ಲೇ ಇತ್ತು.

ಅವನ ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಹಳೆಯ ಡ್ರೈವಿತ್ತು. ಕರೆಂಟು ಕೊಟ್ಟಾಗ ಲೆನ್ಸು ಏರಿಳಿಯುವುದನ್ನು ದೂರದಿಂದಲೇ ತೋರಿಸಿದ, ಬಗ್ಗಿ ನೋಡಲು ಬಿಡಲಿಲ್ಲ. ಸಿಡಿ ಓದುವ 780 ನ್ಯಾನೋಮೀಟರಿನ ಲೇಸರ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ, ಹಾನಿ ಮಾತ್ರ ಮಾಡಬಲ್ಲದು. ಡಿವಿಡಿಯದು 650 ನ್ಯಾನೋಮೀಟರಿನ ಬೇರೆ ಕೆಂಪು ಕಿರಣ. ಒಂದೇ ಡ್ರೈವು ಸಿಡಿ ಓದಿ ಡಿವಿಡಿ ಓದದಿದ್ದರೆ, ಅಥವಾ ಡಿವಿಡಿ ಓದಿ ಸಿಡಿ ಓದದಿದ್ದರೆ, ಎರಡರಲ್ಲೊಂದು ಲೇಸರ್ ಸೋತಿದೆ ಎಂದು ಗುಮಾನಿಪಡಬೇಕು. ನಮ್ಮ ಡ್ರೈವು ಅಂಗಡಿಯ ಸಿನಿಮಾ ಡಿವಿಡಿಯನ್ನೂ ಭಕ್ತಿಗೀತೆಯ ಅಚ್ಚಿನ ಸಿಡಿಯನ್ನೂ ಕೂಡಲೇ ಎತ್ತಿಕೊಂಡಿತು. ಎರಡು ಲೇಸರೂ ಬದುಕಿವೆ ಎಂದಾಯಿತು.

ಇನ್ನು ಲೆನ್ಸಿನ ಧೂಳು. ಡಿಸ್ಕಿನ ಕೆಳಮೈ ಮೇಲಿನ ಧೂಳಿಗೆ ಸಿಡಿ ಅಷ್ಟಾಗಿ ಹೆದರುವುದಿಲ್ಲ. ಕಿರಣ ಡಿಸ್ಕಿನ ಮೈಗೆ ತಾಗುವಲ್ಲಿ ಸುಮಾರು 0.8 ಮಿಲಿಮೀಟರ್ ಅಗಲವಿದ್ದು, 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕನ್ನು ದಾಟುತ್ತ ಚೂಪಾಗುತ್ತದೆ. ಸಣ್ಣ ಕಣ ಅದರ ದಾರಿಗೆ ಪೂರ್ತಿ ಅಡ್ಡಬರಲಾರದು. ಗೀರು ಬಿದ್ದು ಒಂದಷ್ಟು ಮಾಹಿತಿ ಕಾಣದಿದ್ದರೂ, ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಪ್ರಕಟಿಸಿದ ಗಣಿತದ ಬಲದಿಂದ, ಜಾಡಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಕಳೆದುಹೋದ ಭಾಗವನ್ನು ಪ್ಲೇಯರು ತಾನೇ ತುಂಬಿಕೊಳ್ಳುತ್ತದೆ. ಲೆನ್ಸಿನ ಮೇಲಿನ ಮಸುಕು ಹಾಗಲ್ಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಬೆಳಕನ್ನು ಎರಡು ಸಲ ತಿನ್ನುತ್ತದೆ. ಪೂರ್ವಕ್ಕೆ ಉಪ್ಪಿನಗದ್ದೆ, ಖಾಡಿ, ಪಶ್ಚಿಮಕ್ಕೆ ಗುಡ್ಡ ಇರುವ ಭಾಂಡುಪಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಲೆನ್ಸಿನ ಮಾತೇನು? ಹುಡುಗ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿದ. ತಾಳಮದ್ದಳೆಯ ಸಿಡಿಗಳು ಆಗಲೂ ಹೊರಕ್ಕೇ ಬಂದವು.

“ಹಾಗಾದರೆ ವಿಂಗಡಿಸುವ” ಎಂದ. ಅಚ್ಚಿನ ಸಿಡಿ ಒಂದು ಕಡೆ, ಕೈಯಲ್ಲಿ ಹೆಸರು ಬರೆದ ಸಿಡಿ ಒಂದು ಕಡೆ, ಕಾಗದ ಅಂಟಿಸಿದ್ದು ಇನ್ನೊಂದು ಕಡೆ. ಹಿರಿಯರು ಆರಂಭದಲ್ಲಿ ಬರೆದ ಕೆಲವಕ್ಕೆ ಪೆನ್ನಿನಲ್ಲಿ ಹೆಸರಿತ್ತಷ್ಟೆ. ಅವುಗಳನ್ನು ಡ್ರೈವು ತಕರಾರಿಲ್ಲದೆ ಎತ್ತಿತು. ಬರೆಯುವ ಸಿಡಿಯೇ ಆಗದು ಎಂಬ ಅನುಮಾನ ಅಲ್ಲಿಗೆ ಬಿತ್ತು. ತಿರಸ್ಕೃತವಾದದ್ದು ಕಾಗದ ಅಂಟಿಸಿದ ರಾಶಿ ಮಾತ್ರ. ಅವುಗಳಲ್ಲೊಂದನ್ನು ಪಕ್ಕದ ಅಂಗಡಿಯ ಹಳೆಯ ಸಿಡಿ ಟೇಪ್ ರೆಕಾರ್ಡರಿಗೆ ಹಾಕಿದರೆ ಚೆಂಡೆ, ಮದ್ದಳೆ, ಭಾಗವತರ ಏರುದನಿ ಎಲ್ಲವೂ ಸ್ಪಷ್ಟವಾಗಿ ಹೊರಟಿತು!

ಒಂದೇ ಡಿಸ್ಕು ಅಲ್ಲಿ ಹಾಡುತ್ತದೆ, ಇಲ್ಲಿ ಹೊರಬೀಳುತ್ತದೆ. ವ್ಯತ್ಯಾಸ ಇದ್ದದ್ದು ವೇಗದಲ್ಲಿ. ಹಾಡು ಕೇಳಿಸುವ ಪ್ಲೇಯರು ಡಿಸ್ಕನ್ನು ನಿಮಿಷಕ್ಕೆ 500ರಿಂದ 200 ಸುತ್ತು ತಿರುಗಿಸುತ್ತದೆ. 52 ಪಟ್ಟು ವೇಗದ್ದೆಂದು ಮಾರಿದ ಕಂಪ್ಯೂಟರ್ ಡ್ರೈವು ನಿಮಿಷಕ್ಕೆ ಸುಮಾರು 10,000 ಸುತ್ತಿನ ತನಕ ಹೋಗುತ್ತದೆ. ನಮ್ಮದು ಅಷ್ಟು ವೇಗದ್ದಲ್ಲವಾದರೂ ಟೇಪ್ ರೆಕಾರ್ಡರಿಗಿಂತ ಹಲವು ಪಟ್ಟು ಬಿರುಸು. ಡಿಸ್ಕಿನ ತೂಕ ಒಂದು ಪಕ್ಕಕ್ಕೆ ಚೂರು ಹೆಚ್ಚಿದ್ದರೆ ಅದರಿಂದಾಗುವ ಎಳೆತ ವೇಗದ ವರ್ಗದಷ್ಟು ಬೆಳೆಯುತ್ತದೆ: ವೇಗ 20 ಪಟ್ಟಾದರೆ ಎಳೆತ 400 ಪಟ್ಟು. ನಿಧಾನಕ್ಕೆ ತಿರುಗುವಾಗ ಗೊತ್ತೇ ಆಗದ ಓರೆ ಅಲ್ಲಿ ಡ್ರೈವನ್ನೇ ನಡುಗಿಸುತ್ತದೆ, ಲೆನ್ಸು ಹಿಂಬಾಲಿಸಲಾರದೆ ಸೋಲುತ್ತದೆ.

ಹುಡುಗ ಡಿಸ್ಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಲು ಹೇಳಿದ. ಕಾಗದವಿಲ್ಲದ ಡಿಸ್ಕಿನಲ್ಲಿ ಬೆಳಕಿನ ಗೆರೆ ನೆಟ್ಟಗಿತ್ತು. ಕಾಗದದ ಡಿಸ್ಕಿನಲ್ಲಿ ಗೆರೆ ಅಂಚಿನ ಹತ್ತಿರ ಬಾಗಿಹೋಗಿತ್ತು. ಮೇಜಿನ ಗಾಜಿನ ಮೇಲಿಟ್ಟರೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಒಂದು ಅಂಚು ಎದ್ದಿತ್ತು. ವರ್ಷಗಟ್ಟಲೆ ಕಬ್ಬಿಣದ ಕಪಾಟಿನೊಳಗೆ ಮಳೆಗಾಲದ ಒದ್ದೆ ಕುಡಿದು, ಬೇಸಿಗೆಯಲ್ಲಿ ಒಣಗಿ, ಮತ್ತೆ ಕುಡಿದು, ಕಾಗದ ಹಿಗ್ಗಿ ಕುಗ್ಗಿ ಡಿಸ್ಕನ್ನು ಎಳೆದು ಬಾಗಿಸಿತ್ತು. ಒಂದು ಕಡೆ ಅಂಟು ಬಿಟ್ಟು ಗುಳ್ಳೆಯೆದ್ದದ್ದರಿಂದ ತೂಕವೂ ಸಮವಿರಲಿಲ್ಲ. ಬಾಗಿದ ಮೈಗೆ ತಾಗಿದ ಬೆಳಕು ಓರೆಯಾಗಿ ಮರಳುತ್ತದೆ, ನಾಲ್ಕು ಭಾಗದ ಆ ಗ್ರಾಹಿಗೆ ಸರಿಯಾಗಿ ಬೀಳುವುದಿಲ್ಲ. ಡ್ರೈವಿನ ಪಾಲಿಗೆ ಅಲ್ಲಿ ಓದಬಲ್ಲ ಡಿಸ್ಕೇ ಇಲ್ಲ.

ಕಾಗದ ಕಿತ್ತುಬಿಟ್ಟರೆ ಆಯಿತಲ್ಲ ಎಂದು ನಮ್ಮಲ್ಲೊಬ್ಬರು ಉಗುರು ಹಾಕಿದರು. ಹುಡುಗ ಕೈಹಿಡಿದು ತಡೆದು, ತನ್ನ ಡಬ್ಬಿಯಿಂದ ಕೆಟ್ಟ ಸಿಡಿಯೊಂದನ್ನು ತೆಗೆದು ಅದರ ಲೇಬಲ್ ಕಿತ್ತು ತೋರಿಸಿದ. ಕಾಗದದ ಬೆನ್ನಿಗೆ ಬೆಳ್ಳಿಬಣ್ಣದ ಪದರವೂ ಎದ್ದುಬಂತು. ಕೈಯಲ್ಲುಳಿದದ್ದು ಆಚೆ ಕಡೆ ಕಾಣುವ ಬರಿ ಪ್ಲಾಸ್ಟಿಕ್ ಬಿಲ್ಲೆ. ಸಿಡಿಯಲ್ಲಿ ಬೆಳಕನ್ನು ಮರಳಿಸುವ ಲೋಹ ಇರುವುದು ಹೆಸರು ಬರೆಯುವ ಮೇಲ್ಮೈಗೆ ತಗಲಿಕೊಂಡೇ, ನಡುವೆ ತೆಳ್ಳನೆಯ ವಾರ್ನಿಷ್ ಮಾತ್ರ. ಜನ ಜೋಪಾನ ಮಾಡುವುದು ಹೊಳೆಯುವ ಮೈಯನ್ನು, ನಿಜವಾಗಿ ನಾಜೂಕಾಗಿರುವುದು ಇನ್ನೊಂದು ಮೈ. ಡಿವಿಡಿಯಲ್ಲಿ ಮಾಹಿತಿ ಎರಡು ಹಾಳೆಗಳ ನಡುವೆ ಇರುವುದರಿಂದ ಈ ಭಯ ಕಡಿಮೆ.

ಒದ್ದೆಗೆ ಸಂಬಂಧಿಸಿದ ಇನ್ನೊಂದು ಪತ್ತೆ ಮಧ್ಯ ಅಮೆರಿಕದ ಬೆಲೀಜಿನದು. ಅಲ್ಲಿಂದ ಬಂದ ಸಿಡಿಯೊಂದರ ಲೋಹದ ಪದರವನ್ನು ಬೂಷ್ಟು ತಿಂದು ದಾರಿ ಕೊರೆದಿದೆ ಎಂದು ಸ್ಪೇನಿನ ಹಾವಿಯೆರ್ ಗಾರ್ಸಿಯಾ ಗಿನೇಯಾ 2001ರಲ್ಲಿ ತೋರಿಸಿಕೊಟ್ಟರು. ಅದನ್ನು ಓದಿದ ಮೇಲೆ ನಮ್ಮ ಕಪಾಟಿನ ಪ್ರತಿಯೊಂದು ಡಿಸ್ಕನ್ನೂ ದೀಪಕ್ಕೆ ಹಿಡಿದು ನೋಡಿದೆವು. ಬೂಷ್ಟಿನ ಜಾಡು ಕಾಣಲಿಲ್ಲ.

ಕಾಗದ ಕೀಳುವಂತಿಲ್ಲ ಎಂದ ಮೇಲೆ ನಮಗೆ ಬೇಕಾದದ್ದು ನಿಧಾನ. ಸ್ಲಾಟ್ ಡ್ರೈವಿನಲ್ಲಿ ಎದ್ದ ಕಾಗದ ಸಿಕ್ಕಿಹಾಕಿಕೊಳ್ಳುವ ಅಪಾಯ ಬೇರೆ ಇದ್ದುದರಿಂದ ಹುಡುಗ ಟ್ರೇಯ ಹಳೆಯ ಡ್ರೈವೊಂದನ್ನು ಜೋಡಿಸಿಕೊಟ್ಟ. ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದಲ್ಲಿ ವೇಗವನ್ನು ಡ್ರೈವು ಒಪ್ಪುವ ಅತಿ ಕಡಿಮೆಗೆ ಇಳಿಸಿದ. ಬಾಗಿದ ಡಿಸ್ಕುಗಳನ್ನು ಒಣ ಕೋಣೆಯಲ್ಲಿ, ಎರಡು ಗಾಜಿನ ನಡುವೆ, ಮೇಲೆ ಭಾರದ ಪುಸ್ತಕವಿಟ್ಟು ಕೆಲವು ದಿನ ಬಿಟ್ಟೆವು. ಬಿಸಿ ಮಾಡುವ ಉಪಾಯಕ್ಕೆ ಯಾರೂ ಕೈಹಾಕಲಿಲ್ಲ. ಆಮೇಲೆ ಒಂದೊಂದೇ ಪ್ರಸಂಗ ನಿಧಾನವಾಗಿ ಹಾರ್ಡ್ ಡಿಸ್ಕಿಗೆ ಇಳಿಯಿತು. ಪ್ರತಿಯೊಂದರ ಇನ್ನೊಂದು ಪ್ರತಿ ಊರಿಗೂ ಹೋಯಿತು.

ಕರ್ಣಾರ್ಜುನ ಕಾಳಗದ ಎರಡನೆಯ ಭಾಗ ಮಾತ್ರ ಯಾವ ವೇಗದಲ್ಲೂ, ಯಾವ ಡ್ರೈವಿನಲ್ಲೂ ಬರಲಿಲ್ಲ. ಅದರ ಬಣ್ಣದ ಪದರವೇ ಮಾಸಿದೆ. ಗುರುತು ಇರುವಲ್ಲಿಗೂ ಇಲ್ಲದಲ್ಲಿಗೂ ಬೆಳಕಿನಲ್ಲಿ ವ್ಯತ್ಯಾಸ ಉಳಿದಿಲ್ಲ. ಆ ಕೂಟಕ್ಕೆ ಬೇರೆಯವರೂ ಟೇಪ್ ರೆಕಾರ್ಡರ್ ತಂದಿದ್ದರೆಂದು ಮನೆಯವರಿಗೆ ನೆನಪಿದೆ. ಮುಲುಂಡ್, ಠಾಣೆ, ಡೊಂಬಿವಲಿಯ ಕಲಾಭಿಮಾನಿಗಳ ಮನೆಗಳಲ್ಲಿ ಆ ಕ್ಯಾಸೆಟ್ಟು ಇದೆಯೇ ಎಂದು ವಿಚಾರಿಸುತ್ತಿದ್ದೇವೆ.